ಆಟದ ಎಲೆಗೆ ಭವಿಷ್ಯದ ಅರ್ಥ ಬಂದದ್ದು ಹೇಗೆ?



ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಭವಿಷ್ಯ ಹೇಳುವವರಿಗೆ ಬಿಡುವಿರುವುದಿಲ್ಲ. ಸಂತೆಯ ದಿನ ಮರದ ನೆರಳಿನಲ್ಲಿ ಗಿಳಿಯ ಪಂಜರ ಇಟ್ಟುಕೊಂಡು ಕೂರುವವರು, ಬೆಳಗಿನ ಜಾವ ಮನೆಮುಂದೆ ಬಂದು ನಿಲ್ಲುವ ಬುಡಬುಡಿಕೆಯವರು, ಕಣಿ ಹೇಳುವ ಕೊರವಂಜಿಯರು ನಮ್ಮ ನಾಡಿನವರಿಗೆ ತಲೆಮಾರುಗಳಿಂದ ಪರಿಚಿತರು. ಈಗ ಅವರ ಸಾಲಿಗೆ 'ಟ್ಯಾರೋ' ಎಂಬ ಚಿತ್ರದ ಎಲೆಗಳೂ ಬಂದು ಸೇರಿವೆ. ದೊಡ್ಡ ನಗರಗಳಲ್ಲಿ ಇದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಮೊಬೈಲ್ ಫೋನಿನ ಮೂಲಕ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ವಿದ್ಯಾರ್ಥಿಗಳಿಗೂ ಈ ಎಲೆಗಳು ಕಾಣಸಿಗುತ್ತಿವೆ. ಯಾವ ಕೋರ್ಸಿಗೆ ಸೇರಬೇಕು, ಕೆಲಸ ಸಿಕ್ಕೀತೇ, ಮದುವೆ ಯಾವಾಗ ಎಂಬ ಪ್ರಶ್ನೆಗಳನ್ನು ಎಲೆಗಳ ಮುಂದೆ ಇಡುವವರು ಹೆಚ್ಚುತ್ತಿದ್ದಾರೆ.

ಈ ಎಲೆಗಳ ಜೊತೆಗೆ ಒಂದು ಇತಿಹಾಸವನ್ನೂ ಹೇಳಲಾಗುತ್ತದೆ. ಇವು ಸಾವಿರಾರು ವರ್ಷ ಹಳೆಯವು, ಪ್ರಾಚೀನ ಈಜಿಪ್ಟಿನ ಪುರೋಹಿತರು ತಮ್ಮ ಗುಪ್ತಜ್ಞಾನವನ್ನು ಈ ಚಿತ್ರಗಳಲ್ಲಿ ಅಡಗಿಸಿಟ್ಟರು ಎನ್ನುತ್ತಾರೆ. ಇವು ಭಾರತದಿಂದಲೇ ಹೋದವು ಎನ್ನುವವರೂ ಇದ್ದಾರೆ. ಹಳೆಯದು ಎಂದೊಡನೆ ನಮಗೆ ಗೌರವ ಹುಟ್ಟುತ್ತದೆ. ಗೌರವದ ಬೆನ್ನಿಗೆ ನಂಬಿಕೆ ಬರುತ್ತದೆ. ನಂಬಿಕೆಯ ಬೆನ್ನಿಗೆ ಹಣವೂ ನಿರ್ಧಾರವೂ ಹೋಗುತ್ತವೆ. ಆದ್ದರಿಂದ ಆ ಇತಿಹಾಸ ನಿಜವೇ ಎಂದು ಕೇಳುವುದು ಬರಿಯ ಕುತೂಹಲದ ಮಾತಲ್ಲ. ಅದೃಷ್ಟವಶಾತ್ ಇದು ಉತ್ತರ ದೊರೆತಿರುವ ಪ್ರಶ್ನೆ. ಎಲೆಗಳು ಎಲ್ಲಿ ಹುಟ್ಟಿದವು, ಅವುಗಳಿಗೆ ಭವಿಷ್ಯದ ಅರ್ಥ ಯಾವಾಗ ಬಂತು ಎಂಬೆರಡನ್ನೂ ದಾಖಲೆಗಳ ಆಧಾರದಿಂದ ಹೇಳಬಹುದು. ಇವೆರಡರ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ ಎಂಬುದೇ ಈ ಲೇಖನದ ಮುಖ್ಯ ವಿಷಯ. ಇಟಲಿಯಿಂದ ಹೊರಟು ಮೈಸೂರಿನ ಅರಮನೆಗೂ, ಅಲ್ಲಿಂದ ನಮ್ಮ ತುಂಗಭದ್ರೆಯ ದಡಕ್ಕೂ ಬಂದು ಇದನ್ನು ಪರಿಶೀಲಿಸೋಣ.

ಕಟ್ಟಿನಲ್ಲಿ ಏನಿದೆ?

ಟ್ಯಾರೋ ಕಟ್ಟಿನಲ್ಲಿ ಒಟ್ಟು 78 ಎಲೆಗಳು. ಇವುಗಳಲ್ಲಿ 56 ಎಲೆಗಳು ನಮ್ಮ ಇಸ್ಪೀಟಿನ ಎಲೆಗಳಂತೆಯೇ ನಾಲ್ಕು ರಂಗುಗಳಾಗಿ ಹಂಚಿಹೋಗಿವೆ. ರಂಗಿನ ಗುರುತುಗಳು ಮಾತ್ರ ಬೇರೆ: ಬಟ್ಟಲು, ನಾಣ್ಯ, ಖಡ್ಗ ಮತ್ತು ದೊಣ್ಣೆ. ಪ್ರತಿ ರಂಗಿನಲ್ಲಿ ಒಂದರಿಂದ ಹತ್ತರವರೆಗಿನ ಎಲೆಗಳು, ಅವುಗಳ ಮೇಲೆ ರಾಜ, ರಾಣಿ, ಕುದುರೆಸವಾರ ಮತ್ತು ಸೇವಕ ಎಂಬ ನಾಲ್ಕು ಆಸ್ಥಾನದ ಎಲೆಗಳು. ಅಂದರೆ ರಂಗೊಂದಕ್ಕೆ 14.

ಉಳಿದ 22 ಎಲೆಗಳೇ ಟ್ಯಾರೋವಿನ ವಿಶೇಷ. ಮರುಳ, ಗಾರುಡಿಗ, ಸಾಮ್ರಾಟ, ಸಾಮ್ರಾಜ್ಞಿ, ಪೋಪ್ ಗುರು, ಪ್ರೇಮಿಗಳು, ರಥ, ನ್ಯಾಯ, ಮುದಿ ವಿರಕ್ತ, ಅದೃಷ್ಟದ ಚಕ್ರ, ತಲೆಕೆಳಗಾಗಿ ನೇತುಬಿದ್ದವನು, ಮರಣ, ಸೈತಾನ, ಗೋಪುರ, ನಕ್ಷತ್ರ, ಚಂದ್ರ, ಸೂರ್ಯ, ಅಂತಿಮ ತೀರ್ಪು, ಜಗತ್ತು ಮುಂತಾದ ಚಿತ್ರಗಳು ಇವುಗಳ ಮೇಲಿವೆ. ಮೊದಲ ಬಾರಿ ನೋಡುವವರಿಗೆ ಇವು ನಿಗೂಢವಾಗಿ ಕಾಣುವುದು ಸಹಜ. ಆದರೆ ನಿಗೂಢತೆ ಚಿತ್ರದಲ್ಲಿದೆಯೋ, ನಮಗೂ ಆ ಚಿತ್ರ ಬರೆದ ಸಮಾಜಕ್ಕೂ ಇರುವ ದೂರದಲ್ಲಿದೆಯೋ ಎಂಬುದನ್ನು ಯೋಚಿಸಬೇಕು. ಗಣಪತಿಯ ಕಥೆಯನ್ನೇ ಕೇಳದವನಿಗೆ ಆನೆಯ ಮೊಗದ, ಇಲಿಯ ಮೇಲೆ ಕುಳಿತ ಮೂರ್ತಿ ದೊಡ್ಡ ರಹಸ್ಯವಾಗಿ ಕಾಣುತ್ತದೆ. ನಮ್ಮ ಹಳ್ಳಿಯ ಮಗುವಿಗೆ ಅದು ರಹಸ್ಯವಲ್ಲ.

ಎಲೆಗಳು ನಡೆದುಬಂದ ದಾರಿ

ಕಾಗದ ಹುಟ್ಟಿದ ಚೀನಾದಲ್ಲಿಯೇ ಆಟದ ಎಲೆಗಳೂ ಹುಟ್ಟಿದವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲಿಂದ ಅವು ಪಶ್ಚಿಮಕ್ಕೆ ಸಾಗಿ, 1250ರಿಂದ 1517ರವರೆಗೆ ಈಜಿಪ್ಟ್ ಮತ್ತು ಸಿರಿಯಾ ದೇಶಗಳನ್ನು ಆಳಿದ ಮಾಮಲೂಕ್ ಸುಲ್ತಾನರ ನಾಡನ್ನು ತಲುಪಿದವು. ಆ ಕಾಲದ ಸುಂದರವಾದ ಒಂದು ಕಟ್ಟು ಇಂದಿಗೂ ಇಸ್ತಾಂಬುಲಿನ ತೋಪ್ಕಾಪಿ ಅರಮನೆಯ ಸಂಗ್ರಹದಲ್ಲಿದೆ. ಅದರ ರಂಗುಗಳು ಬಟ್ಟಲು, ನಾಣ್ಯ, ಖಡ್ಗ ಮತ್ತು ಪೋಲೋ ಆಟದ ಕೋಲು. ಪೋಲೋ ಆಟ ತಿಳಿಯದ ಯೂರೋಪಿನವರ ಕೈಯಲ್ಲಿ ಆ ಕೋಲು ದೊಣ್ಣೆಯಾಯಿತು. ರಾಜನ ಕೆಳಗಿನ ಅಧಿಕಾರಿಯ ಎಲೆಗೆ ಅರಬ್ಬಿಯಲ್ಲಿ 'ನಾಯಿಬ್' ಎಂದು ಹೆಸರು. ಇಸ್ಪೀಟಿಗೆ ಸ್ಪೇನಿನ ಭಾಷೆಯಲ್ಲಿ ಇಂದಿಗೂ ಇರುವ 'ನಾಯ್ಪೆಸ್' ಎಂಬ ಹೆಸರು ಇದರಿಂದಲೇ ಬಂದಿತೆಂದು ವಿದ್ವಾಂಸರ ಅಭಿಪ್ರಾಯ. 1377ರಲ್ಲಿ ಇಟಲಿಯ ಫ್ಲಾರೆನ್ಸ್ ನಗರವು ಈ ಹೊಸ ಆಟದ ಮೇಲೆ ನಿರ್ಬಂಧ ಹೇರಿತು. ಆ ಆಜ್ಞೆ ಯೂರೋಪಿನಲ್ಲಿ ಎಲೆಗಳ ಬಗ್ಗೆ ದೊರೆಯುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದು.

ಈ ದಾರಿಯ ಗುರುತುಗಳು ನಮ್ಮ ಮಾತಿನಲ್ಲೂ ಉಳಿದಿವೆ. ಇಸ್ಪೀಟು, ಆಟೀನು, ಕಳಾವರ್ ಎಂಬ ಮಾತುಗಳು ಸಮುದ್ರದ ಮೂಲಕ ಬಂದ ಯೂರೋಪಿನ ಭಾಷೆಗಳಿಂದ ನಮ್ಮಲ್ಲಿ ನೆಲೆಸಿದವು. ಇಸ್ಪೀಟಿನ ಗುರುತು ನಮಗೆ ಈಗ ಎಲೆಯಂತೆ ಕಂಡರೂ ಆ ಹೆಸರಿನ ಬೇರು ಖಡ್ಗ ಎಂಬ ಅರ್ಥದ ಪದದಲ್ಲಿದೆ. 'ಗುಲಾಮ' ಎಂಬುದು ಅರಬ್ಬಿ, ಪಾರಸಿಗಳ ಕೊಡುಗೆ. ಹೀಗೆ ಒಂದು ಕಟ್ಟು ಎಲೆ ಹಿಡಿದವನ ಕೈಯಲ್ಲಿ ಹಲವು ನಾಡುಗಳ ಇತಿಹಾಸವೇ ಇರುತ್ತದೆ.

ಇಟಲಿಯ ಅರಮನೆಗಳಲ್ಲಿ

ಯೂರೋಪಿಗೆ ಮೊದಲು ಬಂದದ್ದು ನಾಲ್ಕು ರಂಗುಗಳ ಸಾಮಾನ್ಯ ಕಟ್ಟು. ಅದಕ್ಕೆ ವಿಶೇಷ ಚಿತ್ರದ ಎಲೆಗಳು ಸೇರಿದ್ದು ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ. ಫ್ಲಾರೆನ್ಸಿನಲ್ಲಿ 1440ರ ಒಂದು ದಿನಚರಿಯಲ್ಲಿಯೂ, ಫೆರಾರಾ ನಗರದ ಅರಸು ಮನೆತನದ 1442ರ ಲೆಕ್ಕಪುಸ್ತಕದಲ್ಲಿಯೂ ಈ ಹೊಸ ಎಲೆಗಳ ಪ್ರಸ್ತಾಪ ಬರುತ್ತದೆ. ಆಗ ಅವುಗಳ ಹೆಸರು 'ಟ್ರಿಯೋನ್ಫಿ', ಅಂದರೆ ವಿಜಯಗಳು. ಟ್ಯಾರೋ ಎಂಬ ಹೆಸರಿನ ಮೂಲರೂಪವಾದ 'ಟರೋಕಿ' ಕೇಳಿಬರುವುದು ಹದಿನಾರನೆಯ ಶತಮಾನದ ಆರಂಭದಲ್ಲಿ.

ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಸುಮಾರು 1450ರಲ್ಲಿ ಬಂಗಾರದ ತಗಡನ್ನು ಬಳಸಿ, ಕೈಯಿಂದ ಚಿತ್ರಿಸಿದ ಒಂದು ಕಟ್ಟಿನ 74 ಎಲೆಗಳು ಉಳಿದುಬಂದಿವೆ. ಅವು ಈಗ ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯ, ಇಟಲಿಯ ಬೆರ್ಗಾಮೋ ನಗರದ ಕರಾರಾ ಕಲಾಸಂಸ್ಥೆ ಹಾಗೂ ಒಂದು ಖಾಸಗಿ ಸಂಗ್ರಹದ ನಡುವೆ ಹಂಚಿಹೋಗಿವೆ. ಐದು ಶತಮಾನಗಳಿಗೂ ಹಿಂದಿನ ಕಾಗದದ ವಸ್ತು ಇಷ್ಟು ಉಳಿದದ್ದೇ ಆಶ್ಚರ್ಯ. ಸಾಮಾನ್ಯ ಜನ ಆಡಿದ ಎಲೆಗಳು ಆಡಿ ಆಡಿ ಸವೆದುಹೋದವು.

ಈ ಎಲೆಗಳಿಂದ ಅವರು ಏನು ಮಾಡುತ್ತಿದ್ದರು? ಆಡುತ್ತಿದ್ದರು. 22 ಚಿತ್ರಗಳಲ್ಲಿ ಮರುಳನಿಗೆ ಬೇರೆ ನಿಯಮ. ಉಳಿದವು ಯಾವ ರಂಗಿನ ಎಲೆಯನ್ನಾದರೂ ಹೊಡೆಯುವ ಖಾಯಂ ತುರುಪುಗಳು. ಒಂದು ತುರುಪನ್ನು ಅದಕ್ಕಿಂತ ಮೇಲಿನ ತುರುಪು ಮಾತ್ರ ಗೆಲ್ಲಬಲ್ಲದು. ನಮ್ಮ 'ತುರುಪು' ಎಂಬ ಮಾತು ಕೂಡ ಯೂರೋಪಿನ ಭಾಷೆಗಳ ಮೂಲಕ ಬಂದು, ಕೊನೆಗೆ ಇದೇ ವಿಜಯವೆಂಬ ಪದಕುಟುಂಬವನ್ನು ಸೇರುತ್ತದೆ. ಚುನಾವಣೆಯ ಸುದ್ದಿಯಲ್ಲಿ 'ತುರುಪಿನ ಎಲೆ' ಎಂದು ಓದುವಾಗ ನಾವು ಅರಿಯದೆಯೇ ಆ ಹಳೆಯ ಆಟವನ್ನು ನೆನೆಯುತ್ತಿರುತ್ತೇವೆ. ಫ್ರಾನ್ಸ್, ಆಸ್ಟ್ರಿಯಾ ಮುಂತಾದ ದೇಶಗಳಲ್ಲಿ ಇಂದಿಗೂ ಟ್ಯಾರೋ ಎಂದರೆ ಸಂಜೆ ಹೊತ್ತು ಗೆಳೆಯರು ಕೂತು ಆಡುವ ಆಟವೇ ಆಗಿದೆ.

ಹಾಗಾದರೆ ಆ ಚಿತ್ರಗಳಿಗೆ ಅರ್ಥವೇ ಇರಲಿಲ್ಲವೆ? ಇತ್ತು. ಅದು ಆ ಕಾಲದ ಇಟಲಿಯವರಿಗೆ ತಿಳಿದಿದ್ದ ಅರ್ಥ. ಹಬ್ಬದ ಮೆರವಣಿಗೆಗಳಲ್ಲಿ ಪ್ರೇಮ, ಮರಣ, ಕೀರ್ತಿ ಮುಂತಾದವುಗಳನ್ನು ಒಂದನ್ನೊಂದು ಗೆಲ್ಲುವ ಮೂರ್ತಿಗಳಾಗಿ ರಥದ ಮೇಲೆ ತೋರಿಸುವ ಪದ್ಧತಿ ಅವರಲ್ಲಿತ್ತು. ಸಾಮ್ರಾಟನೂ ಗುರುವೂ ಅವರ ಸಮಾಜದ ಶಿಖರಗಳು. ಅಂತಿಮ ತೀರ್ಪು ಅವರ ಕ್ರೈಸ್ತ ಧರ್ಮದ ನಂಬಿಕೆ. ತಲೆಕೆಳಗಾಗಿ ನೇತುಬಿದ್ದವನ ಚಿತ್ರವನ್ನೇ ನೋಡಿ. ಇಂದಿನ ಟ್ಯಾರೋ ಪುಸ್ತಕಗಳು ಅದಕ್ಕೆ ತ್ಯಾಗ, ಹೊಸ ದೃಷ್ಟಿ ಎಂದು ಅರ್ಥ ಹೇಳುತ್ತವೆ. ಆಗಿನ ಇಟಲಿಯಲ್ಲಿ ಆ ಎಲೆಯ ಹೆಸರೇ 'ದ್ರೋಹಿ'. ರಾಜ್ಯಕ್ಕೆ ದ್ರೋಹ ಬಗೆದು ಓಡಿಹೋದವರನ್ನು ಅವಮಾನಿಸಲು ಅವರ ಚಿತ್ರವನ್ನು ತಲೆಕೆಳಗಾಗಿ ನೇತುಹಾಕಿದಂತೆ ಊರಿನ ಗೋಡೆಯ ಮೇಲೆ ಬರೆಸುವ ಪದ್ಧತಿ ಅಲ್ಲಿ ಇತ್ತು. ಮುದಿ ವಿರಕ್ತನ ಎಲೆಯೂ ಹೀಗೆಯೇ. ಮಿಲಾನಿನ ಹಳೆಯ ಎಲೆಯಲ್ಲಿ ಆತನ ಕೈಯಲ್ಲಿರುವುದು ಮರಳು ಗಡಿಯಾರ, ಆತ ಕಾಲಪುರುಷ. ಮುಂದಿನ ಶತಮಾನಗಳಲ್ಲಿ ಗಡಿಯಾರ ಹೋಗಿ ಲಾಂದ್ರ ಬಂತು. ಲಾಂದ್ರ ಬಂದಮೇಲೆ ಆತ ಜ್ಞಾನದ ಬೆಳಕು ಹುಡುಕುವ ಸನ್ಯಾಸಿಯಾದ. ಚಿತ್ರ ಬದಲಾದಂತೆ ಅರ್ಥವೂ ಬದಲಾಯಿತು.

ಈಜಿಪ್ಟಿನ ಕಥೆ ಹುಟ್ಟಿದ ವರ್ಷ

ಟ್ಯಾರೋ ಎಲೆಗಳಿಗೆ ಭವಿಷ್ಯದ ಅರ್ಥಗಳನ್ನು ಹಚ್ಚಿದ ಮೊದಲ ಗುರುತುಗಳು ಸಿಗುವುದು ಹದಿನೆಂಟನೆಯ ಶತಮಾನದಲ್ಲಿ. ಇಟಲಿಯ ಬೊಲೊನ್ಯಾ ನಗರದ ಒಂದು ಕೈಬರಹದಲ್ಲಿ ಕೆಲವು ಎಲೆಗಳ ಮುಂದೆ ಪ್ರಯಾಣ, ಮದುವೆ ಎಂಬಂಥ ಚುಟುಕು ಅರ್ಥಗಳ ಪಟ್ಟಿ ಇದೆ. ಆದರೆ ಅದು ಒಂದು ಊರಿನ ಪದ್ಧತಿ. ಇಡೀ ಯೂರೋಪಿಗೆ ಹಬ್ಬಿದ ಕಥೆ ಹುಟ್ಟಿದ್ದು 1781ರಲ್ಲಿ, ಪ್ಯಾರಿಸಿನಲ್ಲಿ.

ಆಂತ್ವಾನ್ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ವಿದ್ವಾಂಸ ಪ್ರಾಚೀನ ಜಗತ್ತಿನ ಕುರಿತು ಹಲವು ಸಂಪುಟಗಳ ಗ್ರಂಥ ಬರೆಯುತ್ತಿದ್ದ. ಟ್ಯಾರೋ ಆಟವು ಆ ಹೊತ್ತಿಗೆ ಪ್ಯಾರಿಸಿನಲ್ಲಿ ಬಳಕೆ ತಪ್ಪಿತ್ತು. ಪರಿಚಯವಿಲ್ಲದ ಈ ಚಿತ್ರಗಳನ್ನು ಕಂಡೊಡನೆ ಅವು ಈಜಿಪ್ಟಿನ ಪುರೋಹಿತರ ಕಳೆದುಹೋದ ಗ್ರಂಥವೆಂದು ಆತನಿಗೆ ತೋರಿತು. ಹಾಗೆಯೇ ಬರೆದ. ಇಲ್ಲಿ ನೀವು ಗಮನಿಸಬೇಕಾದ ಒಂದು ವರ್ಷವಿದೆ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋನ್ ಎಂಬ ವಿದ್ವಾಂಸ ಓದಿ ತೋರಿಸಿದ್ದು 1822ರಲ್ಲಿ. ಅದಕ್ಕೆ ನೆರವಾದ ರೊಸೆಟ್ಟಾ ಶಿಲೆ ಸಿಕ್ಕಿದ್ದೇ 1799ರಲ್ಲಿ. ಅಂದರೆ 1781ರಲ್ಲಿ ಈಜಿಪ್ಟಿನ ಬರಹದ ಒಂದು ಸಾಲನ್ನಾದರೂ ಓದಬಲ್ಲವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಓದಲು ಬಾರದ ಕಾಲದಲ್ಲಿ ಏನನ್ನು ಬೇಕಾದರೂ ಈಜಿಪ್ಟಿನದು ಎನ್ನಬಹುದಿತ್ತು. ಅಲ್ಲವೆನ್ನಲು ಆಧಾರ ಯಾರ ಬಳಿಯೂ ಇರಲಿಲ್ಲ. ಲಿಪಿಯನ್ನು ಓದಿದ ಮೇಲೆ ಬೆಳಕಿಗೆ ಬಂದ ಸಾವಿರಾರು ಬರಹಗಳಲ್ಲಿ ಟ್ಯಾರೋವಿನ ಸುಳಿವೇ ಇಲ್ಲ.

ವಿಚಿತ್ರವೆಂದರೆ ಈ ಎಲೆಗಳ ಕಥೆಯಲ್ಲಿ ಈಜಿಪ್ಟಿಗೆ ನಿಜವಾಗಿಯೂ ಒಂದು ಪಾತ್ರವಿದೆ. ನಾಲ್ಕು ರಂಗುಗಳು ಯೂರೋಪಿಗೆ ಬಂದದ್ದು ಮಾಮಲೂಕರ ನಾಡಿನಿಂದ ಎಂದು ಮೇಲೆ ನೋಡಿದೆವಲ್ಲ. ಆದರೆ ಅದು ಪಿರಮಿಡ್ಡುಗಳ ಈಜಿಪ್ಟಲ್ಲ. ಮಧ್ಯಯುಗದ ವ್ಯಾಪಾರದ ಈಜಿಪ್ಟು. ಬಂದದ್ದೂ ಗುಪ್ತಜ್ಞಾನವಲ್ಲ, ಆಟ. ನಿಜವಾದ ಇತಿಹಾಸ ಕಥೆಗಿಂತ ಸಣ್ಣದಾಗಿ ಕಂಡರೂ ಅದಕ್ಕಿಂತ ಸ್ವಾರಸ್ಯವಾಗಿದೆ.

ಜೆಬೆಲಿನ್ ಕಟ್ಟಿದ ಕಥೆಯ ಮೇಲೆ ಉಳಿದವರು ಮನೆ ಕಟ್ಟಿದರು. ಎಟೆಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾನ್ ಬಾಪ್ಟಿಸ್ಟ್ ಆಲಿಯೆಟ್ 1785ರಲ್ಲಿ ಟ್ಯಾರೋವಿನಿಂದ ಭವಿಷ್ಯ ಹೇಳುವ ಪುಸ್ತಕವನ್ನು ಪ್ರಕಟಿಸಿದ. ಕೆಲವೇ ವರ್ಷಗಳಲ್ಲಿ ಭವಿಷ್ಯಕ್ಕೆಂದೇ ಮಾಡಿದ ಕಟ್ಟನ್ನೂ ಮಾರಾಟಕ್ಕೆ ತಂದ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಎಲಿಫಾಸ್ ಲೆವಿ ಎಂಬ ಫ್ರೆಂಚ್ ಲೇಖಕ 22 ಚಿತ್ರಗಳನ್ನು ಹೀಬ್ರೂ ಲಿಪಿಯ 22 ಅಕ್ಷರಗಳಿಗೆ ಜೋಡಿಸಿದ. ಅಲೆಮಾರಿ ರೋಮಾ ಜನರು ಭಾರತದಿಂದ ಈ ಎಲೆಗಳನ್ನು ತಂದರೆಂಬ ಕಥೆಯೂ ಸೇರಿತು. ರೋಮಾ ಜನರ ಪೂರ್ವಿಕರು ಭಾರತದವರೆಂಬುದು ನಿಜ. ಆದರೆ ಅವರು ಪಶ್ಚಿಮ ಯೂರೋಪಿನಲ್ಲಿ ಕಾಣಿಸಿಕೊಳ್ಳುವುದು ಹದಿನೈದನೆಯ ಶತಮಾನದ ಆರಂಭದಲ್ಲಿ; ಎಲೆಗಳು ಅಲ್ಲಿಗೆ ಅದಕ್ಕೂ ಮೊದಲೇ ಬಂದಿದ್ದವು. ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, ಕಥೆ ನಿಲ್ಲುವುದಿಲ್ಲ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕಲ್ ಡಮ್ಮೆಟ್ 1980ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವು ಟ್ಯಾರೋ ಮೂಲತಃ ಆಟವೇ ಎಂಬುದನ್ನು ಆಧಾರಸಹಿತ ವಿವರಿಸಿತು.

ಹೆಸರು ಉಳಿಯದ ಚಿತ್ರಗಾರ್ತಿ

ಇಂದು ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಟ್ಯಾರೋ ಚಿತ್ರಗಳು ಇನ್ನೂ ಈಚಿನವು. ಅವು ಹೊರಬಂದದ್ದು 1909ರಲ್ಲಿ, ಲಂಡನ್ನಿನಲ್ಲಿ. ಯೋಜನೆ ಎ. ಇ. ವೇಟ್ ಎಂಬ ಲೇಖಕನದು, ಪ್ರಕಾಶನ ರೈಡರ್ ಸಂಸ್ಥೆಯದು. 78 ಚಿತ್ರಗಳನ್ನು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಅದುವರೆಗಿನ ಸಾಮಾನ್ಯ ಟ್ಯಾರೋ ಕಟ್ಟುಗಳಲ್ಲಿ ರಂಗಿನ ಎಲೆಗಳ ಮೇಲೆ ಐದು ಬಟ್ಟಲು, ಎಂಟು ಖಡ್ಗ ಎಂಬಂತೆ ಗುರುತುಗಳಷ್ಟೇ ಇರುತ್ತಿದ್ದವು. ಈಕೆ ಪ್ರತಿಯೊಂದಕ್ಕೂ ಒಂದು ದೃಶ್ಯ ಬರೆದಳು: ಚೆಲ್ಲಿದ ಬಟ್ಟಲುಗಳ ಮುಂದೆ ತಲೆತಗ್ಗಿಸಿ ನಿಂತವನು, ಖಡ್ಗಗಳ ನಡುವೆ ಕಣ್ಣುಕಟ್ಟಿಸಿಕೊಂಡು ನಿಂತ ಹೆಂಗಸು. ಇಂದು ಎಲೆ ಓದುವವರು 'ನಿಮಗೆ ದುಃಖವಿದೆ', 'ನೀವು ಬಂಧನದಲ್ಲಿದ್ದೀರಿ' ಎನ್ನುವಾಗ ಓದುತ್ತಿರುವುದು ಬಹುಪಾಲು ಈಕೆಯ ಕುಂಚವನ್ನೇ. ಆದರೆ ಆ ಕಟ್ಟು ಪ್ರಕಾಶಕನ ಮತ್ತು ಲೇಖಕನ ಹೆಸರಿನಿಂದ ಪ್ರಸಿದ್ಧವಾಯಿತು. ಕಲಾವಿದೆ 1951ರಲ್ಲಿ ಸಾಲದ ನಡುವೆ ತೀರಿಕೊಂಡಳು. ಎಲೆಗಳ ಮೂಲೆಯಲ್ಲಿ ಆಕೆ ಬರೆದ ಪುಟ್ಟ ಅಂಕಿತ ಮಾತ್ರ ಉಳಿಯಿತು. ಇಲ್ಲದ ಈಜಿಪ್ಟಿನ ಪುರೋಹಿತರಿಗೆ ಸಂದ ಗೌರವ, ಇದ್ದ ಕಲಾವಿದೆಗೆ ಬದುಕಿರುವಾಗ ಸಲ್ಲಲಿಲ್ಲ. ಸುಳ್ಳು ಇತಿಹಾಸದಿಂದ ಆಗುವ ನಷ್ಟಗಳಲ್ಲಿ ಇದೂ ಒಂದು: ನಿಜವಾಗಿ ದುಡಿದವರು ಮರೆಯಾಗುತ್ತಾರೆ.

ಮೈಸೂರಿನ ಛದ

ಯೂರೋಪಿನಲ್ಲಿ ಹೀಗೆ ಆಟ ಭವಿಷ್ಯವಾಗುತ್ತಿದ್ದ ಹೊತ್ತಿಗೆ ಕನ್ನಡ ನಾಡಿನಲ್ಲೂ ಚಿತ್ರದ ಎಲೆಗಳ ಒಂದು ದೊಡ್ಡ ಪರಂಪರೆ ಇತ್ತು. ಅದೇ ಗಂಜೀಫ. ಇವು ಸಾಮಾನ್ಯವಾಗಿ ದುಂಡಗಿನ ಎಲೆಗಳು, ಕೈಯಿಂದ ಬಣ್ಣ ಹಾಕಿದವು. ಸಿರಿವಂತರಿಗೆ ದಂತ, ಆಮೆಯ ಚಿಪ್ಪಿನ ಮೇಲೆ ಬರೆದರೆ, ಪೇಟೆಗೆ ಅಂಟು ಹಾಕಿ ಗಟ್ಟಿಮಾಡಿದ ಬಟ್ಟೆ, ಕಾಗದದ ಮೇಲೆ ಬರೆಯುತ್ತಿದ್ದರು. ಬಾಬರ್ 1527ರಲ್ಲಿ ಸಿಂಧ್ ಪ್ರಾಂತದ ಷಾ ಹಸನನಿಗೆ ಗಂಜೀಫ ಎಲೆಗಳನ್ನು ಕಳುಹಿಸಿದ ವಿಷಯ ಅವನ ಆತ್ಮಕಥೆಯಲ್ಲಿದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 12 ರಂಗುಗಳ, 144 ಎಲೆಗಳ ಕಟ್ಟೊಂದನ್ನು ವರ್ಣಿಸಿದ್ದಾನೆ. ಅದರ ರಂಗುಗಳ ಒಡೆಯರು ಅಶ್ವಪತಿ, ಗಜಪತಿ, ನರಪತಿ, ಧನಪತಿ ಇತ್ಯಾದಿ. ಮುಂದೆ ವಿಷ್ಣುವಿನ ಹತ್ತು ಅವತಾರಗಳನ್ನೇ ಹತ್ತು ರಂಗುಗಳಾಗಿ ಮಾಡಿಕೊಂಡ 120 ಎಲೆಗಳ ದಶಾವತಾರ ಗಂಜೀಫ ಬಂತು. ಹಗಲಿನಲ್ಲಿ ಆಡಿದರೆ ರಾಮನಿರುವವನು, ಇರುಳಿನಲ್ಲಿ ಆಡಿದರೆ ಕೃಷ್ಣನಿರುವವನು ಆಟ ಆರಂಭಿಸಬೇಕೆಂಬುದು ಅದರ ಒಂದು ನಿಯಮ.

ಮೈಸೂರಿನಲ್ಲಿ ಈ ಕಲೆಗೆ ಆಶ್ರಯ ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಜನಿಸಿದ ಇವರು 1799ರಲ್ಲಿ, ಇನ್ನೂ ಬಾಲಕರಾಗಿದ್ದಾಗಲೇ ಪಟ್ಟಕ್ಕೆ ಬಂದರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅರಸರ ಗಮನ ಸಾಹಿತ್ಯ, ಚಿತ್ರಕಲೆ, ಆಟಗಳ ಕಡೆಗೆ ಹೆಚ್ಚಾಗಿ ಹರಿಯಿತು. ಚದುರಂಗದ ಮಣೆಯ ಎಲ್ಲ ಮನೆಗಳನ್ನೂ ಕುದುರೆ ಒಂದೊಂದೇ ಬಾರಿ ಮುಟ್ಟಿಬರುವ ಸಮಸ್ಯೆಗಳನ್ನು ಅವರು ರಚಿಸಿದ್ದಾರೆ. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಮಹಾಸಂಕಲನದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಹಲವು ಬಗೆಯ ಎಲೆಯಾಟಗಳ ವಿವರವಿದೆ. ಇವಕ್ಕೆ 'ಛದ' ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ನಾವು ಇಸ್ಪೀಟಿಗೂ ಎಲೆ ಎನ್ನುವುದಿಲ್ಲವೆ, ಹಾಗೆ. ಈ ಛದದ ಕಟ್ಟುಗಳು 36 ಎಲೆಗಳಿಂದ ಹಿಡಿದು 360 ಎಲೆಗಳವರೆಗೆ ಬೆಳೆದವು. ಕೆಲವು ಆಟಗಳಿಗೆ 18 ರಂಗುಗಳು ಬೇಕಾಗುತ್ತಿದ್ದವು. ಟ್ಯಾರೋವಿನಂತೆ ಇವುಗಳಲ್ಲೂ ಖಾಯಂ ತುರುಪುಗಳಿದ್ದವು.

ಈಗ ಎರಡನ್ನೂ ಹೋಲಿಸಿ ನೋಡಿ. ಇಟಲಿಯ ಎಲೆಗಳ ಮೇಲೆ ಅವರ ಧರ್ಮದ, ಸಮಾಜದ ಚಿತ್ರಗಳಿದ್ದವು. ಮೈಸೂರಿನ ಎಲೆಗಳ ಮೇಲೆ ನಮ್ಮ ದೇವತೆಗಳ, ಪುರಾಣಪಾತ್ರಗಳ ಚಿತ್ರಗಳು. ಎರಡೂ ಅರಮನೆಯ ಆಟಗಳು. ಎರಡರಲ್ಲೂ ನೋಡುವವನಿಗೆ ಅರ್ಥ ಹೊಳೆಯುವ ಮೂರ್ತಿಗಳಿವೆ. ಗೂಢಾರ್ಥ ಹುಡುಕುವವನಿಗೆ 360 ಎಲೆಗಳ ಛದ 78 ಎಲೆಗಳ ಟ್ಯಾರೋವಿಗಿಂತ ದೊಡ್ಡ ಗಣಿಯಾಗಬಹುದಿತ್ತು. ಆದರೆ ಶ್ರೀತತ್ತ್ವನಿಧಿಯನ್ನು ಜೋಡಿಸಿದವರು ಈ ಎಲೆಗಳನ್ನು ಎಲ್ಲಿ ಇಟ್ಟರು ಎಂಬುದನ್ನು ಗಮನಿಸಿ. ಅದೇ ಗ್ರಂಥದಲ್ಲಿ ಗ್ರಹಗಳಿಗಾಗಿಯೇ ಗ್ರಹನಿಧಿ ಎಂಬ ಭಾಗವಿದೆ. ಎಲೆಗಳು ಅಲ್ಲಿಲ್ಲ. ಅವು ಇರುವುದು ಕೌತುಕನಿಧಿಯಲ್ಲಿ, ಅಂದರೆ ಮನಸ್ಸಿಗೆ ಸೋಜಿಗವನ್ನೂ ಸಂತೋಷವನ್ನೂ ಕೊಡುವ ವಿನೋದಗಳ ಭಾಗದಲ್ಲಿ. ಆಟವನ್ನು ಆಟವೆಂದೇ ಕಂಡ ಒಂದು ತಿಳಿವಳಿಕೆ ಆ ವಿಂಗಡಣೆಯಲ್ಲಿ ಕಾಣುತ್ತದೆ.

ಛದದ ಆಟಗಳು ಅರಮನೆಯಿಂದ ಹೊರಗೆ ಹೆಚ್ಚು ಹರಡಲಿಲ್ಲ. ನಿಯಮಗಳು ಅಷ್ಟು ತೊಡಕಾಗಿದ್ದವು. ಯಂತ್ರದಲ್ಲಿ ಅಚ್ಚಾದ ಅಗ್ಗದ ಇಸ್ಪೀಟು ಬಂದಮೇಲೆ ಕೈಯಿಂದ ಬರೆದ ಗಂಜೀಫಕ್ಕೆ ಗಿರಾಕಿಗಳೂ ಕಡಿಮೆಯಾದರು. ಶ್ರೀರಂಗಪಟ್ಟಣದಲ್ಲಿ ನೆಲೆಸಿ ಈ ಕಲೆಗೆ ಮರುಜೀವ ಕೊಟ್ಟವರು ಗಂಜೀಫ ರಘುಪತಿ ಭಟ್ಟರು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೂ ಟ್ಯಾರೋವಿನ ಹೆಸರು ಕೇಳಿದ ಕನ್ನಡ ವಿದ್ಯಾರ್ಥಿಗಳಲ್ಲಿ ಗಂಜೀಫದ ಹೆಸರು ಕೇಳಿದವರು ಎಷ್ಟು ಮಂದಿ?

ಅರ್ಥ ಎಲ್ಲಿಂದ ಬರುತ್ತದೆ?

ಇನ್ನು ನಮ್ಮ ಕಡೆಗೆ ಬರೋಣ. ಹೊನ್ನಾಳಿಯನ್ನು ಹಾದುಹೋಗುವ ತುಂಗಭದ್ರೆ ಮುಂದೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರವನ್ನು ಮುಟ್ಟುತ್ತಾಳೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಅಲ್ಲಿ ಕಾರ್ಣಿಕ ನಡೆಯುತ್ತದೆ. ದಾವಣಗೆರೆ ಜಿಲ್ಲೆಯ ಹಳ್ಳಿಗಳಿಂದಲೂ ಜನ ಹೋಗುತ್ತಾರೆ. ಗೊರವಯ್ಯನು ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆತ ಒಂದೇ ಒಂದು ನುಡಿ ನುಡಿದು ಮೇಲಿನಿಂದ ಬೀಳುತ್ತಾನೆ. ಕೆಳಗಿದ್ದವರು ಆತನನ್ನು ಹಿಡಿದುಕೊಳ್ಳುತ್ತಾರೆ. ಕಾರ್ಣಿಕ ಜನರ ಭಕ್ತಿಗೆ ಸೇರಿದ್ದು. ಅದನ್ನು ಇಲ್ಲಿ ಅಳೆಯುವ ಉದ್ದೇಶವಿಲ್ಲ. ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದದ್ದು ಆಮೇಲೆ ನಡೆಯುವುದನ್ನು. ಆ ಒಂದು ನುಡಿಗೆ ರೈತರು ಮಳೆಬೆಳೆಯ ಅರ್ಥ ಹೇಳುತ್ತಾರೆ. ರಾಜಕೀಯದವರು ಚುನಾವಣೆಯ ಅರ್ಥ ಹೇಳುತ್ತಾರೆ. ವ್ಯಾಪಾರಿಗಳು ಧಾರಣೆಯ ಅರ್ಥ ಹೇಳುತ್ತಾರೆ. ನುಡಿ ಒಂದೇ, ಕೇಳುವವರ ಚಿಂತೆಗಳು ಹಲವು. ಅರ್ಥ ತುಂಬುವವರು ಕೇಳುಗರೇ.

ಗಿಳಿಶಾಸ್ತ್ರದಲ್ಲೂ ಇದೇ ನಡೆಯುತ್ತದೆ. ಗಿಳಿ ಕೊಕ್ಕಿನಿಂದ ಎಳೆದುಕೊಡುವುದು ಒಂದು ದೇವರ ಚಿತ್ರ; ಕೇಳಲು ಬಂದವನ ಮುಖ, ವಯಸ್ಸು, ಪ್ರಶ್ನೆಯನ್ನು ನೋಡಿ ಅದಕ್ಕೆ ಮಾತು ಹೊಂದಿಸುವವನು ಮನುಷ್ಯ. ನಮ್ಮ ಕಾಡುಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದೂ ನಿಮಗೆ ತಿಳಿದಿರಲಿ.

ಅಂಥ ಮಾತು ನಮಗೆ ಅಷ್ಟು ಸರಿಯಾಗಿ ಹೊಂದುವುದೇಕೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ 'ಇದು ನಿನ್ನ ಸ್ವಭಾವದ ವರದಿ' ಎಂದು ಒಂದು ಹಾಳೆ ಹಂಚಿದ. ಎಷ್ಟು ಸರಿಯಿದೆ ಎಂದು 5ರಲ್ಲಿ ಅಂಕ ಕೊಡಲು ಹೇಳಿದ. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಚ್ಚಿದ: ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದೂ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದು. 'ನಿಮ್ಮಲ್ಲಿ ಶಕ್ತಿಯಿದೆ, ಇನ್ನೂ ಪೂರ್ತಿ ಬಳಸಿಲ್ಲ' ಎಂಬಂಥ ಮಾತು ಯಾರಿಗೆ ತಾನೇ ಹೊಂದುವುದಿಲ್ಲ? ನಮ್ಮ ಜೀವನದ ವಿವರಗಳನ್ನು ನಾವೇ ಅದರೊಳಗೆ ತುಂಬಿ, ಆಮೇಲೆ ಹೇಳಿದವರನ್ನು ಮೆಚ್ಚುತ್ತೇವೆ.

ಇದರಿಂದ ಚಿತ್ರಗಳು ವ್ಯರ್ಥವೆಂದಾಗಲಿ, ಅವುಗಳನ್ನು ನೋಡಿ ಯೋಚಿಸುವುದು ತಪ್ಪೆಂದಾಗಲಿ ಆಗುವುದಿಲ್ಲ. ಒಳ್ಳೆಯ ಚಿತ್ರ, ಗಾದೆ, ಕಥೆ ನಮ್ಮ ಮನಸ್ಸನ್ನು ನಮಗೇ ತೋರಿಸಬಲ್ಲವು. ಆದರೆ ಮನಸ್ಸನ್ನು ತೋರಿಸುವುದು ಬೇರೆ, ಮುಂದಾಗುವುದನ್ನು ತಿಳಿಸುವುದು ಬೇರೆ. ಕಾಲೇಜನ್ನು ಆರಿಸುವಾಗ ಅಂಕಪಟ್ಟಿ, ಆಸಕ್ತಿ, ಮನೆಯ ಸ್ಥಿತಿ, ಅಧ್ಯಾಪಕರ ಸಲಹೆ ಇವು ಆಧಾರಗಳು. ಕಲೆಸಿದ ಕಟ್ಟಿನಿಂದ ಮೇಲೆ ಬಂದ ಎಲೆ ಆಕಸ್ಮಿಕ.

ಇತಿಹಾಸದ ಮೂರು ಪ್ರಶ್ನೆಗಳು

ಟ್ಯಾರೋವಿನ ವಿಷಯದಲ್ಲಿ ವಿದ್ವಾಂಸರು ಬಳಸಿದ ದಾರಿ ಸರಳವಾದದ್ದು, ಯಾರು ಬೇಕಾದರೂ ಬಳಸಬಹುದಾದದ್ದು. ಒಂದು, ಉಳಿದಿರುವ ಅತ್ಯಂತ ಹಳೆಯ ವಸ್ತು ಯಾವುದು? ಎರಡು, ಅದನ್ನು ಹೆಸರಿಸುವ ಅತ್ಯಂತ ಹಳೆಯ ಬರಹ ಯಾವುದು? ಮೂರು, ಈಗ ಹೇಳುತ್ತಿರುವ ಅರ್ಥವನ್ನು ಮೊದಲು ಹೇಳಿದವರು ಯಾರು, ಯಾವ ವರ್ಷ? ಟ್ಯಾರೋವಿಗೆ ಉತ್ತರಗಳು ಕ್ರಮವಾಗಿ ಹೀಗಿವೆ: ಹದಿನೈದನೆಯ ಶತಮಾನದ ಮಧ್ಯಭಾಗದ ಇಟಲಿಯ ಎಲೆಗಳು, 1440ರ ದಿನಚರಿ, ಭವಿಷ್ಯದ ಅರ್ಥಕ್ಕೆ ಹದಿನೆಂಟನೆಯ ಶತಮಾನ, ಈಜಿಪ್ಟಿನ ಕಥೆಗೆ 1781.

ಇದೇ ಪ್ರಶ್ನೆಗಳನ್ನು ಊರಿನ ಕಥೆಗಳಿಗೂ ಕೇಳಬಹುದು. ಚನ್ನಗಿರಿಗೆ ಆ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂತೆನ್ನುತ್ತಾರೆ. ಸೂಳೆಕೆರೆಯನ್ನು ಕಟ್ಟಿಸಿದ ರಾಜಕುಮಾರಿಯ ಕಥೆ ಆ ಭಾಗದಲ್ಲಿ ಮನೆಮಾತು. ಕಥೆಯನ್ನು ಪ್ರೀತಿಯಿಂದ ಕೇಳಿ ಬರೆದಿಡಿ. ಆಮೇಲೆ ಶಾಸನ ಏನು ಹೇಳುತ್ತದೆ, ಕಟ್ಟಡ ಏನು ಹೇಳುತ್ತದೆ ಎಂದು ನೋಡಿ. ಕಥೆಗೂ ಆಧಾರಕ್ಕೂ ಹೊಂದಿಕೆಯಾದರೆ ಸಂತೋಷ. ಆಗದಿದ್ದರೆ, ಆ ಕಥೆ ಯಾವಾಗ, ಯಾರಿಗಾಗಿ ಹುಟ್ಟಿತು ಎಂಬುದೇ ಇತಿಹಾಸದ ಹೊಸ ಪ್ರಶ್ನೆಯಾಗುತ್ತದೆ. ಹಳೆಯದೆಂದು ಹೇಳಿದ್ದನ್ನೆಲ್ಲ ಒಪ್ಪುವುದೂ ಇತಿಹಾಸವಲ್ಲ, ಎಲ್ಲವನ್ನೂ ತಳ್ಳಿಹಾಕುವುದೂ ಇತಿಹಾಸವಲ್ಲ. ಯಾವುದು ಎಷ್ಟು ಹಳೆಯದು ಎಂದು ತೂಗಿ ನೋಡುವುದು ಇತಿಹಾಸ.

ಮಾಡಿ ನೋಡಿ

1. ನಿಮ್ಮ ಮನೆಯ, ಓಣಿಯ ಹಿರಿಯರಿಂದ ಎಲೆಯಾಟ, ಚೌಕಾಬಾರ, ಪಗಡೆ, ಅಳಗುಳಿಮಣೆಗಳ ಮಾತುಗಳನ್ನು ಸಂಗ್ರಹಿಸಿ. ಯಾವ ಮಾತು ಕನ್ನಡದ್ದು, ಯಾವುದು ಹೊರಗಿನಿಂದ ಬಂದದ್ದು ಎಂದು ನಿಘಂಟಿನ ಸಹಾಯದಿಂದ ವಿಂಗಡಿಸಿ.

2. ನಿಮ್ಮ ಊರಿನ ಹೆಸರಿನ ಕಥೆಯನ್ನು ಮೂವರು ಹಿರಿಯರಿಂದ ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಿ. ಎಲ್ಲಿ ಒಂದೇ ಇದೆ, ಎಲ್ಲಿ ಬೇರೆಯಾಗಿದೆ ಎಂದು ಗುರುತಿಸಿ.

3. ದಪ್ಪ ಕಾಗದವನ್ನು ದುಂಡಗೆ ಕತ್ತರಿಸಿ, ನಿಮ್ಮ ತಾಲ್ಲೂಕಿನ ಕೆರೆ, ಕೋಟೆ, ಜಾತ್ರೆ, ಬೆಳೆಗಳನ್ನು ನಾಲ್ಕು ರಂಗುಗಳಾಗಿ ಬರೆದು ಒಂದು ಗಂಜೀಫ ಕಟ್ಟು ತಯಾರಿಸಿ. ನಿಯಮಗಳನ್ನು ನೀವೇ ಗೊತ್ತುಮಾಡಿ ಆಡಿ. ನೂರು ವರ್ಷಗಳ ನಂತರ ಆ ಎಲೆಗಳನ್ನು ಕಂಡವರು ನಿಮ್ಮ ಚಿತ್ರಗಳಿಗೆ ಏನೇನು ಅರ್ಥ ಹೇಳಬಹುದೆಂದು ತರಗತಿಯಲ್ಲಿ ಚರ್ಚಿಸಿ.